2147483647: ಆಯ್ಲರ್ ಸಾಧಿಸಿದ ಅವಿಭಾಜ್ಯ, ಗಣಕಗಳ ಗಡಿ

ಎರಡನ್ನು 31 ಬಾರಿ ಬರೆದು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದನ್ನು ಕಳೆದರೆ (2³¹−1) ದೊರೆಯುವುದು 214 ಕೋಟಿ 74 ಲಕ್ಷ 83 ಸಾವಿರದ 647. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ಇದನ್ನು ಶೇಷವಿಲ್ಲದೆ ಭಾಗಿಸಲಾಗದು. ಈ ರೂಪದ ಅವಿಭಾಜ್ಯಗಳನ್ನು ಫ್ರೆಂಚ್ ಪಾದ್ರಿ ಮೆರ್ಸೆನ್ ಹೆಸರಿನಿಂದ ಗುರುತಿಸಲಾಗುತ್ತದೆ. 2024ರ ಅಕ್ಟೋಬರ್‌ವರೆಗೆ ಪತ್ತೆಯಾದ ಅಂಥ 52 ಸಂಖ್ಯೆಗಳಲ್ಲಿ ಇದು ಎಂಟನೆಯದು.

1644ರಲ್ಲಿ ಮೆರ್ಸೆನ್ ಪ್ರಕಟಿಸಿದ ಪಟ್ಟಿಯಲ್ಲಿ ಈ ಸಂಖ್ಯೆ ಇತ್ತಾದರೂ ಅದಕ್ಕೆ ಆಧಾರ ಇರಲಿಲ್ಲ. ಅದೇ ಪಟ್ಟಿಯ 2⁶⁷−1 ಅವಿಭಾಜ್ಯವಲ್ಲವೆಂದು ಮುಂದೆ ತಿಳಿದುಬಂದಿತು. 2³¹−1ಕ್ಕೆ ಖಚಿತ ಸಾಧನೆಯನ್ನು 1772ರಲ್ಲಿ ಒದಗಿಸಿದವನು ಲಿಯೊನಾರ್ಡ್ ಆಯ್ಲರ್. ಆ ವೇಳೆಗೆ ಆತ ಬಹುತೇಕ ದೃಷ್ಟಿಹೀನನಾಗಿದ್ದ. ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳೇ ಸುಮಾರು 4,800. ಅಷ್ಟರಿಂದಲೂ ಭಾಗಿಸಿ ನೋಡುವುದು ಆಯ್ಲರ್‌ಗೆ ಬೇಕಾಗಲಿಲ್ಲ. ಈ ಸಂಖ್ಯೆಗೆ ಭಾಜಕವೊಂದಿದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಲೇಬೇಕು ಎಂದು ಆತ ಕಂಡುಕೊಂಡ. ಪರೀಕ್ಷೆಗೆ ಉಳಿದವು ಹೆಚ್ಚೆಂದರೆ 372. ಯಾವುದರಿಂದಲೂ ಭಾಗವಾಗಲಿಲ್ಲ.

ಇದನ್ನು 2³⁰ರಿಂದ ಗುಣಿಸಿದರೆ 19 ಅಂಕಿಗಳ 2305843008139952128 ಬರುತ್ತದೆ. ಇದು ಪರಿಪೂರ್ಣ ಸಂಖ್ಯೆ; ಅಂದರೆ ಇದನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತ ಇದಕ್ಕೇ ಸಮ. ಇಂಥವು ಕುತೂಹಲದ ವಸ್ತುಗಳೇ ಹೊರತು ಉಪಯೋಗವಿಲ್ಲದವು, ಇದಕ್ಕಿಂತ ದೊಡ್ಡದನ್ನು ಹುಡುಕುವ ಗೋಜಿಗೆ ಯಾರೂ ಹೋಗಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದ. ಆ ಭವಿಷ್ಯ ಶತಮಾನವೂ ಬಾಳಲಿಲ್ಲ. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲೂಕಾ 39 ಅಂಕಿಗಳ 2¹²⁷−1 ಅವಿಭಾಜ್ಯವೆಂದು ತೋರಿಸಿದ.

ಉಪಯೋಗದ ಮಾತೂ ಸುಳ್ಳಾಯಿತು. ಗಣಕಗಳಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ಒಂದು ಹೆಸರಾಂತ ವಿಧಾನದಲ್ಲಿ ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಬಳಸಲಾಗುತ್ತದೆ. ಭಾಜಕ ಅವಿಭಾಜ್ಯವಾಗಿರುವುದರಿಂದಲೇ 214 ಕೋಟಿಗೂ ಹೆಚ್ಚು ಹೆಜ್ಜೆಗಳವರೆಗೆ ಸರಣಿ ಮರುಕಳಿಸುವುದಿಲ್ಲ.

ಜನಸಾಮಾನ್ಯರಿಗೆ ಈ ಸಂಖ್ಯೆ ತಟ್ಟುವುದು ಬೇರೆ ಕಾರಣಕ್ಕೆ; ಅಲ್ಲಿ ಅವಿಭಾಜ್ಯತೆಗೆ ಪಾತ್ರವಿಲ್ಲ. 32 ಬಿಟ್‌ಗಳಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಮೀಸಲಿಟ್ಟರೆ, ಉಳಿದ 31ರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ ಇದೇ. 'ಗಂಗ್ನಂ ಸ್ಟೈಲ್' ವಿಡಿಯೊದ ವೀಕ್ಷಣೆ ಈ ಮಿತಿ ದಾಟಲಿದ್ದುದರಿಂದ ಯೂಟ್ಯೂಬ್ 2014ರಲ್ಲಿ ತನ್ನ ಎಣಿಕೆಯನ್ನು 64 ಬಿಟ್‌ಗೆ ಬದಲಿಸಬೇಕಾಯಿತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. 32 ಬಿಟ್‌ನಲ್ಲೇ ಉಳಿದವುಗಳ ಎಣಿಕೆ 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣ ಅವು 1901ರ ಡಿಸೆಂಬರ್‌ಗೆ ಜಾರಬಹುದು. ಹೊಸ ಗಣಕಗಳು 64 ಬಿಟ್‌ಗೆ ಬದಲಾಗಿದ್ದರೂ, ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ನಿಯಂತ್ರಣ ಸಾಧನಗಳನ್ನು ಹುಡುಕಿ ತಿದ್ದುವುದು ಸುಲಭವಲ್ಲ. ಅಂದಹಾಗೆ, 64 ಬಿಟ್‌ನ ಹೊಸ ಗಡಿಯಾದ 2⁶³−1 ಅವಿಭಾಜ್ಯವಲ್ಲ. ಅದನ್ನು ಏಳರಿಂದ ಭಾಗಿಸಬಹುದು.