ತಂಪು ಮೊದಲು ಯಾರ ಕೈಗೆ ಬಂತು? ತೃಶ್ಶಿಲೇರಿಯಿಂದ ನೋಡಿದ ಶೀತಲ ಹಡಗುಗಳ ಇತಿಹಾಸ



ಹಸಿ ಮತ್ತು ಫ್ರೀಜ್ ಮಾಡಿದ ಆಹಾರ ಸಮುದ್ರ ದಾಟಿದ ಕತೆಯನ್ನು ಬಂದರಿನಿಂದ ಶುರು ಮಾಡೋದು ವಾಡಿಕೆ. ನಾನು ಇವತ್ತು ವಯನಾಡಿನ ತೃಶ್ಶಿಲೇರಿಯಿಂದ ಶುರು ಮಾಡ್ತೀನಿ. ತಿರುನೆಲ್ಲಿ ಪಂಚಾಯಿತಿಗೆ ಸೇರಿದ ಈ ಊರಿಗೆ ಸಮುದ್ರ ಇಲ್ಲ, ಇಡೀ ಜಿಲ್ಲೆಗೇ ರೈಲಿಲ್ಲ. ಒಂದು ದಿಕ್ಕಿಗೆ ಕುಟ್ಟ ದಾಟಿದರೆ ಕೊಡಗು, ಇನ್ನೊಂದು ದಿಕ್ಕಿಗೆ ಬಾವಲಿ ದಾಟಿದರೆ ಎಚ್.ಡಿ. ಕೋಟೆ. ಈ ಸೀಮೆಯ ಬೆಳೆಗಳು ಕಾಫಿ, ಮೆಣಸು, ಶುಂಠಿ, ನೇಂದ್ರ ಬಾಳೆ. ಮೆಣಸು ಶತಮಾನಗಳಿಂದ ಹಡಗು ಹತ್ತುತ್ತಿದೆ, ಕಾಫಿಯೂ ಹತ್ತುತ್ತಿದೆ. ಬಾಳೆಗೊನೆ ಮಾತ್ರ ಹೆಚ್ಚಾಗಿ ಘಟ್ಟ ಇಳಿದು ಹತ್ತಿರದ ಮಾರುಕಟ್ಟೆಗೇ ಹೋಗುತ್ತೆ. ಯಾಕೆ?

“ಒಣಗಿದ್ದು ಉಳಿಯುತ್ತೆ, ಹಸಿದು ಕೊಳೆಯುತ್ತೆ” ಅಂತ ಸುಲಭದ ಉತ್ತರ ಕೊಡಬಹುದು. ಅದು ಸರಿ, ಆದರೆ ಸಾಲದು. ಕಾಫಿ ಬೆಳೆಗಾರ ಬೆಲೆ ಬಿದ್ದರೆ ಮೂಟೆ ಕಟ್ಟಿ ಇಟ್ಟು ಕಾಯಬಹುದು. ಬಾಳೆ ಬೆಳೆದವರು ಕಾಯೋಕಾಗಲ್ಲ, ವ್ಯಾಪಾರಿ ಹೇಳಿದ ಬೆಲೆಗೆ ಆ ವಾರವೇ ಕೊಡಬೇಕು. ಹಾಗಾಗಿ ತಂಪು ಅಂದರೆ ಕೆಡದಂತೆ ಇಡುವ ಉಪಾಯ ಅಷ್ಟೇ ಅಲ್ಲ, ಅದು ಕಾಯುವ ಶಕ್ತಿ. ಈ ಶಕ್ತಿ ಯಾರ ಕೈಗೆ ಬಂತು ಅನ್ನೋದೇ ಈ ಪ್ರಬಂಧದ ಪ್ರಶ್ನೆ.

ಮೊದಲು ಹಡಗಿನ ಕತೆ. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ‘ಟಸ್ಕನಿ’ ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಕಲ್ಕತ್ತೆಗೆ ಬಂತು. ದಾರಿಯಲ್ಲಿ ಕರಗಿ ಉಳಿದದ್ದು ಸುಮಾರು 100 ಟನ್. ಆಗ ಸಮುದ್ರ ದಾಟಿದ್ದು ತಂಪೇ ಹೊರತು ಆಹಾರ ಅಲ್ಲ. ಆಹಾರ ದಾಟಿದ್ದು ಯಂತ್ರ ಬಂದ ಮೇಲೆ. 1882ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಿಂದ ಹೊರಟ ‘ಡುನೆಡಿನ್’ ಹಾಯಿಹಡಗು ಹೆಚ್ಚುಕಡಿಮೆ 5000 ಕುರಿಗಳ ಫ್ರೀಜ್ ಮಾಡಿದ ಮಾಂಸವನ್ನು ಮೇ ತಿಂಗಳಲ್ಲಿ ಲಂಡನ್ನಿಗೆ ಮುಟ್ಟಿಸಿತು. ಓಡಿದ್ದು ಗಾಳಿಯಿಂದ, ಮಾಂಸ ಉಳಿದದ್ದು ಕಲ್ಲಿದ್ದಲಿನಿಂದ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮಾಂಸ, ಮೀನು, ಸಿಗಡಿಯನ್ನು ಮೈನಸ್ 18 ಡಿಗ್ರಿಗೆ ಇಳಿಸಿಟ್ಟರೆ ಬಹುಮಟ್ಟಿಗೆ ಕಾಲವೇ ನಿಂತ ಹಾಗೆ. ಬಾಳೆಕಾಯಿ ಹಾಗಲ್ಲ. ಕಡಿದ ಮೇಲೂ ಅದಕ್ಕೆ ಜೀವ ಇರುತ್ತೆ. ಉಸಿರಾಡುತ್ತೆ, ಬಿಸಿ ಬಿಡುತ್ತೆ, ಎಥಿಲೀನ್ ಅನಿಲ ಬಿಟ್ಟು ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಾಗುತ್ತೆ. ಅಂದ್ರೆ ಫ್ರೀಜ್ ಮಾಡಿದ ಸರಕಿನ ಗಡಿಯಾರ ನಿಲ್ಲುತ್ತೆ, ಹಸಿ ಸರಕಿನ ಗಡಿಯಾರ ನಿಧಾನ ಆಗುತ್ತೆ ಅಷ್ಟೇ. ಆ ಗಡಿಯಾರ ಶುರುವಾಗೋದು ಬಂದರಿನಲ್ಲಲ್ಲ, ಗೊನೆ ಕಡಿದ ಗಳಿಗೆಯಲ್ಲಿ.

ಈಗ ನಮ್ಮ ಕರಾವಳಿಗೆ ಬರೋಣ. ಮಲಬಾರ್ ಕಡೆಯ ಸಿಗಡಿ ಮೊದಲು ಒಣಗಿ ಬರ್ಮಾಕ್ಕೆ ಹೋಗ್ತಿತ್ತು. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಪ್ಪಂದ ಮಾಡಿಕೊಂಡು ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರು ಮಾಡಿದವು. ಮೀನುಗಾರರ ಆದಾಯ ಹೆಚ್ಚಬೇಕು, ಒಳನಾಡಿನ ಜನಕ್ಕೆ ತಾಜಾ ಮೀನು ಸಿಗಬೇಕು ಅನ್ನೋದು ಅದರ ಉದ್ದೇಶಗಳಲ್ಲಿ ಇತ್ತು. ಆದರೆ 1953ರಲ್ಲೇ ಕೊಚ್ಚಿಯಿಂದ ಫ್ರೀಜ್ ಮಾಡಿದ ಸಿಗಡಿ ಅಮೆರಿಕಕ್ಕೆ ಹಡಗು ಹತ್ತಿತ್ತು. ಮುಂದೆ ಆದದ್ದು ಗೊತ್ತೇ ಇದೆ. ಐಸ್ ಕಾರ್ಖಾನೆ, ಫ್ರೀಜಿಂಗ್ ಘಟಕ, ಟ್ರಾಲ್ ದೋಣಿ ಎಲ್ಲವೂ ಸಿಗಡಿಯ ಹಿಂದೆ ಹೋದವು. 1960ರ ದಶಕದ ಆರಂಭದಲ್ಲಿ ಯೋಜನೆ ಕಣ್ಣೂರು, ಕಾರವಾರದವರೆಗೂ ಹಬ್ಬಿತು. ಒಳನಾಡಿನ ತಟ್ಟೆಗೆ ಅಂತ ಯೋಚಿಸಿದ ತಂಪು ಹೊರನಾಡಿನ ತಟ್ಟೆಗೆ ದುಡಿಯಿತು.

ಇದರಲ್ಲಿ ಕಾದವರು ಯಾರು? ದೋಣಿಯವರು ದಡದಲ್ಲೇ ಹರಾಜು ಕೂಗಿ ಮಾರಬೇಕು. ಶೆಡ್ಡುಗಳಲ್ಲಿ ಸಿಗಡಿ ಸುಲಿಯುವ ಹೆಂಗಸರು ಸರಕು ಬಂದ ಹೊತ್ತಿಗೆ, ನಡುರಾತ್ರಿಯಾದರೂ ಕೆಲಸಕ್ಕೆ ಕೂರಬೇಕು. ಕಾಯುವ ಅನುಕೂಲ ಇದ್ದದ್ದು ಕೋಲ್ಡ್ ಸ್ಟೋರೇಜಿನ ಬೀಗದ ಕೈ ಇದ್ದವರಿಗೆ. 1997ರ ಆಗಸ್ಟಿನಲ್ಲಿ ಯುರೋಪಿಯನ್ ಒಕ್ಕೂಟ ನೈರ್ಮಲ್ಯದ ಕಾರಣಕ್ಕೆ ಭಾರತದ ಮೀನು ಉತ್ಪನ್ನಗಳನ್ನು ನಿಷೇಧಿಸಿತು. ನಿಷೇಧ ಕೆಲವೇ ತಿಂಗಳದ್ದು, ಆದರೆ ಆಮೇಲೆ ನೀರು, ಐಸ್, ನೆಲ, ಕೈಗವಸು ಎಲ್ಲಕ್ಕೂ ನಿಯಮ ಬಂತು. ನಿಯಮ ತಪ್ಪಲ್ಲ, ತಿನ್ನುವವರ ಆರೋಗ್ಯದ ಪ್ರಶ್ನೆ ಅದು. ಆದರೆ ಅದಕ್ಕೆ ಬೇಕಾದ ಬಂಡವಾಳ ಹಾಕೋ ಶಕ್ತಿ ದೊಡ್ಡವರಿಗೆ ಮಾತ್ರ ಇತ್ತು.

ಕಂಟೇನರ್ ಬಂದ ಮೇಲೆ ಲೆಕ್ಕ ಬದಲಾಗಬೇಕಿತ್ತು, ಅಲ್ವಾ? 1973ರಲ್ಲಿ ‘ಪ್ರೆಸಿಡೆಂಟ್ ಟೈಲರ್’ ಹಡಗು ಕೊಚ್ಚಿಗೆ ಬಂದು ಭಾರತದಲ್ಲಿ ಕಂಟೇನರ್ ಯುಗ ತೆರೆಯಿತು. 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಆದದ್ದು ಬೆಂಗಳೂರಿನಲ್ಲಿ, ಅಂದರೆ ಸಮುದ್ರವಿಲ್ಲದ ಊರಿಗೂ ಬಂದರು ಬಂತು. ತತ್ತ್ವಕ್ಕೆ ನೋಡಿದರೆ ತಂಪಿನ ಪೆಟ್ಟಿಗೆ, ಅಂದ್ರೆ ರೀಫರ್, ತೋಟದ ಬಾಗಿಲಿಗೇ ಬರಬಹುದು. ವಾಸ್ತವದಲ್ಲಿ ಅದಕ್ಕೆ ಕರೆಂಟು ಬೇಕು ಇಲ್ಲವೇ ಜನರೇಟರ್ ಬೇಕು, ಒಂದೇ ಸಲಕ್ಕೆ ಪೆಟ್ಟಿಗೆ ತುಂಬುವಷ್ಟು ಒಂದೇ ಹದದ ಸರಕು ಬೇಕು, ರಸ್ತೆ ಬೇಕು. ತಾಮರಶ್ಶೇರಿ ಘಟ್ಟದಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಬಾವಲಿ ಮೂಲಕ ಮೈಸೂರಿಗೆ ಹೋಗುವ ದಾರಿ ನಾಗರಹೊಳೆ ಕಾಡಿನಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್, ಬಂಡೀಪುರದ್ದು ರಾತ್ರಿ 9ರಿಂದ. ಕಾಡುಪ್ರಾಣಿಗಳ ಜೀವ ಉಳಿಸಲು ಮಾಡಿದ ಈ ನಿಯಮಕ್ಕೆ ನನ್ನ ತಕರಾರಿಲ್ಲ. ಆದರೆ ಹಸಿ ಸರಕು ಓಡಬೇಕಾದದ್ದೇ ರಾತ್ರಿಯ ತಂಪಿನಲ್ಲಿ ಅನ್ನೋದನ್ನೂ ಇತಿಹಾಸಕಾರರು ಬರೆದಿಡಬೇಕು.

ಹಾಗಾಗಿಯೇ ಕೇರಳದ ತರಕಾರಿ, ಹಣ್ಣು ಗಲ್ಫಿಗೆ ಹೋಗೋದು ಬಹಳಷ್ಟು ವಿಮಾನದಲ್ಲಿ, ಪ್ರಯಾಣಿಕರ ಸೀಟಿನ ಕೆಳಗಿನ ಹೊಟ್ಟೆಯಲ್ಲಿ. ವೇಗ ಹೆಚ್ಚು, ಬಾಡಿಗೆಯೂ ಹೆಚ್ಚು. 2020ರ ಮಾರ್ಚಿನಲ್ಲಿ ಪ್ರಯಾಣಿಕರ ವಿಮಾನ ನಿಂತಾಗ ಆ ದಾರಿಯೂ ಮುಚ್ಚಿತು. ಮರುವರ್ಷ, 2021ರಲ್ಲಿ, ಕೇರಳದ ತರಕಾರಿ ಮತ್ತು ಹಣ್ಣು ಉತ್ತೇಜನ ಮಂಡಳಿ ನೇಂದ್ರ ಬಾಳೆಯನ್ನು ಪ್ರಯೋಗಕ್ಕೆಂದು ಕೊಚ್ಚಿಯಿಂದ ರೀಫರಿನಲ್ಲಿ ಲಂಡನ್ನಿಗೆ ಕಳಿಸಿತು. ಹದ ನೋಡಿ ಕಡಿದು, ತೊಳೆದು, ತಂಪು ಮಾಡಿ, ವಾರಗಟ್ಟಲೆ ಸಮುದ್ರದಲ್ಲಿ ಇಟ್ಟರೂ ನೇಂದ್ರ ತಡೆಯಬಲ್ಲದು ಅನ್ನೋ ಭರವಸೆ ಅದರ ಹಿಂದೆ ಇತ್ತು. ಆದರೆ 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. 1869ರಲ್ಲಿ ಸೂಯೆಜ್ ಕಾಲುವೆ ಉಳಿಸಿಕೊಟ್ಟ ದಿನಗಳು ವಾಪಸ್ ಬಂದವು. ಫ್ರೀಜ್ ಮಾಡಿದ ಸಿಗಡಿಗೆ ಎರಡು ವಾರ ತಡವಾದರೆ ಖರ್ಚು ಹೆಚ್ಚು. ಬಾಳೆಗೆ ಎರಡು ವಾರ ಅಂದರೆ ಆಯುಸ್ಸೇ ಮುಗಿದ ಹಾಗೆ.

ಹೀಗಾಗಿ ನನ್ನ ವಾದ ಇಷ್ಟು. ಈ ಕರಾವಳಿಯಲ್ಲಿ ತಂಪಿನ ಸರಪಳಿ ಕಟ್ಟಿದ್ದು ಹಡಗಿನ ಕಡೆಯಿಂದ, ಅದೂ ಫ್ರೀಜ್ ಮಾಡಿ ನಿಲ್ಲಿಸಬಹುದಾದ ದುಬಾರಿ ಸರಕಿಗೆ. ಹಿಡಿದವರ ಕೈಗೂ ಬೆಳೆದವರ ಕೈಗೂ ಅದು ಕೊನೆಗೆ ತಲುಪುವ ಕೊಂಡಿ. ರಫ್ತಿನ ಟನ್ ಲೆಕ್ಕ ಮಾತ್ರ ಓದಿದರೆ ಇದು ಕಾಣಲ್ಲ. ತೃಶ್ಶಿಲೇರಿಯಂಥ ಊರಲ್ಲಿ ನಿಂತು ಎರಡು ಪ್ರಶ್ನೆ ಕೇಳಿದರೆ ಕಾಣುತ್ತೆ: ಕಡಿದ ಗೊನೆಗೆ ಮೊದಲ ತಂಪು ಎಷ್ಟು ಗಂಟೆ ದೂರದಲ್ಲಿದೆ, ಆ ಗಂಟೆಗಳ ನಷ್ಟ ಯಾರ ಲೆಕ್ಕಕ್ಕೆ ಬರೀತಾರೆ? ಮಲ್ಪೆಯ ದಕ್ಕೆಗೂ ಕೊಡಗಿನ ಶುಂಠಿ ಗದ್ದೆಗೂ ಇದೇ ಪ್ರಶ್ನೆ ಹಾಕಬಹುದು. ಆ ಊರುಗಳನ್ನು ಬಲ್ಲವರು ಚರ್ಚೆಯಲ್ಲಿ ಮಾತಾಡಬೇಕು ಅಂತ ಕೇಳ್ಕೊಳ್ತೀನಿ.