ತವರಿಲ್ಲದ ತಾಯಿಯ ವಿದ್ಯಾಭ್ಯಾಸ: ಪಂಡಿತಾ ರಮಾಬಾಯಿ

ಹತ್ತೊಂಬತ್ತನೆಯ ಶತಮಾನದ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಶಾಲೆಗಳು ಯಾವಾಗ ಆರಂಭವಾದವು, ಯಾರು ಆರಂಭಿಸಿದರು ಎಂಬ ವಿವರಗಳು ಹೇರಳವಾಗಿವೆ. ತಾಯಿಯಾದವಳು ಮತ್ತೆ ಓದಲು ಹೊರಟಾಗ ಮಗುವನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಎಡೆ ಸಿಕ್ಕಿದ್ದು ಕಡಿಮೆ. ಪಂಡಿತಾ ರಮಾಬಾಯಿಯವರ (1858–1922) ಜೀವನವು ಈ ಪ್ರಶ್ನೆಯನ್ನು ಮುನ್ನೆಲೆಗೆ ತರುತ್ತದೆ.

ಕಾರ್ಕಳ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ವಿರೋಧವನ್ನು ಎದುರಿಸಿದರು. ಅನಂತರ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಮನೆಗೆಲಸ, ವಿದ್ಯಾರ್ಥಿಗಳ ಊಟೋಪಚಾರಗಳ ನಡುವೆ ಲಕ್ಷ್ಮೀಬಾಯಿಗೆ ಹಗಲಿನಲ್ಲಿ ಬಿಡುವಿರಲಿಲ್ಲ. ಆದ್ದರಿಂದ ಆಕೆ ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೀಸುವ ಪದಗಳನ್ನು ಕಿವಿಯಿಂದ ಕಲಿತದ್ದೂ ಇದೇ ಹೊತ್ತಿನಲ್ಲಿ ಎಂಬುದು ಗಮನಾರ್ಹ. ದುಡಿಯುವ ಹೆಣ್ಣಿಗೆ ವಿದ್ಯೆಯ ಸಮಯ ದಿನದ ಅಂಚಿನಲ್ಲಷ್ಟೇ ದೊರೆಯುತ್ತಿತ್ತು.

ಜನಪದರ ದೃಷ್ಟಿಯಲ್ಲಿ ಎಳೆಗೂಸಿನ ತಾಯಿಗೆ ಆಸರೆ ತವರು. ಚೊಚ್ಚಲ ಹೆರಿಗೆ, ಬಾಣಂತನ, ಕೂಸಿನ ಆರೈಕೆ ಎಲ್ಲವೂ ಅಲ್ಲಿಯ ಹೊಣೆ. ರಮಾಬಾಯಿಗೆ ಆ ತವರು ಉಳಿದಿರಲಿಲ್ಲ. 1870ರ ದಶಕದ ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು; 1880ರಲ್ಲಿ ಅಣ್ಣ ಶ್ರೀನಿವಾಸನೂ ಗತಿಸಿದನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧವಿಯವರನ್ನು ಮದುವೆಯಾದ ಆಕೆ 1882ರಲ್ಲಿ ವಿಧವೆಯಾದರು. ಆಗ ಮಗಳು ಮನೋರಮೆಗೆ ಇನ್ನೂ ವರ್ಷ ತುಂಬಿರಲಿಲ್ಲ.

ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’ ಎಂಬ ಮನ್ನಣೆ ಪಡೆದಿದ್ದ ರಮಾಬಾಯಿ ವೈದ್ಯವಿದ್ಯೆ ಕಲಿಯುವ ಹಂಬಲದಿಂದ ಮತ್ತೆ ವಿದ್ಯಾರ್ಥಿನಿಯಾದರು. 1883ರಲ್ಲಿ, ಮರಾಠಿಯ ‘ಸ್ತ್ರೀಧರ್ಮನೀತಿ’ ಪುಸ್ತಕದ ಆದಾಯವನ್ನೂ ಪ್ರಯಾಣಕ್ಕೆ ಬಳಸಿಕೊಂಡು, ಎರಡು ವರ್ಷದ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ವೈದ್ಯಶಿಕ್ಷಣ ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರು ಆಶ್ರಯ ನೀಡಿದರು; ಆ ವರ್ಷವೇ ತಾಯಿಮಗಳು ಕ್ರೈಸ್ತ ದೀಕ್ಷೆ ಪಡೆದರು. 1884ರಿಂದ 1886ರವರೆಗೆ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ರಮಾಬಾಯಿ ಸಂಸ್ಕೃತ ಕಲಿಸುತ್ತಲೇ ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಅಭ್ಯಾಸ ಮಾಡಿದರು. ಆ ಅವಧಿಯಲ್ಲಿ ಮನೋರಮೆಯ ಪಾಲನೆಗೆ ವಾಂಟೇಜಿನವರ ನೆರವಿತ್ತು.

ಈ ನೆರವಿಗೆ ಬೆಲೆಯೂ ಇತ್ತು. ಮಗುವಿಗೆ ಯಾವ ಧರ್ಮಬೋಧೆ ಸಲ್ಲಬೇಕೆಂಬ ವಿಷಯದಲ್ಲಿ ಸಿಸ್ಟರ್ ಜೆರಾಲ್ಡೀನ್ ಮತ್ತು ರಮಾಬಾಯಿ ನಡುವೆ ತೀವ್ರ ವಾದ ನಡೆದುದನ್ನು ಅವರ ಪತ್ರಗಳು ತೋರಿಸುತ್ತವೆ. ಉಪಕಾರವನ್ನು ನೆನೆಯುತ್ತಲೇ, ಮಗಳನ್ನು ರೂಪಿಸುವ ಹಕ್ಕು ತಾಯಿಯದೆಂಬ ನಿಲುವನ್ನು ಆಕೆ ಬಿಟ್ಟುಕೊಡಲಿಲ್ಲ. ಓದಿಗಾಗಿ ಮಗುವನ್ನು ಪರರ ಕೈಗೆ ಒಪ್ಪಿಸುವುದು ಬೇರೆ, ತಾಯ್ತನವನ್ನೇ ಒಪ್ಪಿಸುವುದು ಬೇರೆ ಎಂಬ ವಿವೇಕ ಆ ನಿಲುವಿನಲ್ಲಿದೆ.

1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಪದವಿ ಪ್ರದಾನಕ್ಕೆಂದು ಅಮೆರಿಕಕ್ಕೆ ಹೋದ ರಮಾಬಾಯಿ ಅಲ್ಲಿ ಫ್ರೊಬೆಲ್‌ನ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಸಿಸಿದರು. ಎಳೆಯರ ಕಲಿಕೆಯನ್ನೇ ತಾಯಿಯು ತನ್ನ ಅಧ್ಯಯನದ ವಿಷಯವಾಗಿಸಿಕೊಂಡದ್ದು ಆಕಸ್ಮಿಕವೆನಿಸದು. ಆದರೆ ಆ ಅಭ್ಯಾಸದ ಕಾಲದಲ್ಲಿಯೇ ಮನೋರಮೆಯನ್ನು ಮರಳಿ ಇಂಗ್ಲೆಂಡಿಗೆ ಕಳುಹಿಸಬೇಕಾಯಿತು. ಈ ಅಗಲಿಕೆಯನ್ನು ಮರೆತು ಆಕೆಯ ಸಾಧನೆಯನ್ನು ಮಾತ್ರ ಕೊಂಡಾಡುವುದು ಅರ್ಧ ಚರಿತ್ರೆಯಾಗುತ್ತದೆ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಅದು ಕೇವಲ ಪಾಠಶಾಲೆಯಾಗಿರದೆ ವಿಧವೆಯರಿಗೆ ಊಟ, ವಸತಿ, ವಿದ್ಯೆಗಳನ್ನು ಒಂದೇ ಸೂರಿನಡಿ ಒದಗಿಸಿತು. ತನಗೆ ಇಲ್ಲದ ತವರನ್ನು ಆಕೆ ಇತರರಿಗಾಗಿ ಕಟ್ಟಿದರು ಎನ್ನಬಹುದು. ಅಲ್ಲಿ ಕಲಿತ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾದರು. ಅವರ ತಂಗಿ, ಎಳೆಯ ಮಗನಿದ್ದ ವಿಧವೆ ಪಾರ್ವತಿಬಾಯಿ ಆಠವಲೆ, ಮುಂದೆ ಓದು ಕಲಿತು ಕರ್ವೆಯವರ ಆಶ್ರಮದ ಪ್ರಮುಖ ಕಾರ್ಯಕರ್ತೆಯಾದರು.

ಮನೋರಮೆ ಬೆಳೆದು ತಾಯಿಯ ಕಾರ್ಯದಲ್ಲಿ ಜೊತೆಗೂಡಿದರು. 1910ರ ದಶಕದಲ್ಲಿ ಗುಲ್ಬರ್ಗಾದ ಶಾಲೆಯ ಹೊಣೆ ಹೊತ್ತರು. 1921ರಲ್ಲಿ ಮಗಳು, ಮರುವರ್ಷ ತಾಯಿ ತೀರಿಕೊಂಡರು. ಗಂಗಾಮೂಲದ ಬೆಳಗಿನ ಜಾವದ ಪಾಠ ಹೀಗೆ ಮೂರು ತಲೆಮಾರು ದಾಟಿ ಕನ್ನಡ ನೆಲಕ್ಕೆ ಮರಳಿತು. ತಾಯಿಯ ವಿದ್ಯೆಗೆ ಆಕೆಯ ಛಲವೊಂದೇ ಸಾಲದು, ಮಗುವಿಗೆ ಆಸರೆಯೂ ಬೇಕು ಎಂಬುದು ಈ ಚರಿತ್ರೆಯ ಪಾಠ.