ಒಂದೇ ಕಡಲು, ಎರಡು ಪರಿಣಾಮ: ಭಾರತ ಮತ್ತು ಸಿಂಹಳದ್ವೀಪ

ಧನುಷ್ಕೋಟಿಯಿಂದ ತಲೈಮನ್ನಾರಿಗೆ ಸಮುದ್ರದ ಅಂತರ ಸುಮಾರು 30 ಕಿ.ಮೀ. ಮಾತ್ರ. ನಡುವೆ ಮರಳುದಿಬ್ಬಗಳ ಸಾಲು ಹಬ್ಬಿದೆ. ಅಲ್ಲಿ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗುಗಳು ದ್ವೀಪವನ್ನು ಬಳಸಿಕೊಂಡೇ ಸಾಗಬೇಕು. ಚಿಕ್ಕ ದೋಣಿಗಳಿಗಷ್ಟೇ ಅದು ಹಾದಿ. ಭೂಗೋಳವು ನೆರೆನಾಡುಗಳ ಸಂಸ್ಕೃತಿಯನ್ನು ರೂಪಿಸುತ್ತದೆಂಬ ಮಾತನ್ನು ಪರೀಕ್ಷಿಸಲು ಇದಕ್ಕಿಂತ ಉಚಿತವಾದ ನಿದರ್ಶನ ದುರ್ಲಭ. ಪಡೆಯುವುದಕ್ಕೆ ಸಾಕಷ್ಟು ಹತ್ತಿರ, ಪಡೆದದ್ದನ್ನು ತನ್ನದಾಗಿಸಿಕೊಳ್ಳುವುದಕ್ಕೆ ಸಾಕಷ್ಟು ದೂರ: ಇದು ಆ ಜಲಸಂಧಿಯ ಸ್ವಭಾವ.

ಮೊದಲು ಸಾಮೀಪ್ಯದ ಫಲವನ್ನು ನೋಡೋಣ. ಕ್ರಿ.ಪೂ. 3ನೆಯ ಶತಮಾನದಲ್ಲಿ, ಅಶೋಕನ ಕಾಲಕ್ಕೆ, ಬೌದ್ಧಧರ್ಮವು ದ್ವೀಪದಲ್ಲಿ ನೆಲೆಯೂರಿತು. ಸಿಂಹಳ ಭಾಷೆ ಉತ್ತರ ಭಾರತದ ಆರ್ಯಭಾಷೆಗಳ ಬಂಧು. ಆದರೆ ಆ ಬಂಧುಗಳಿಗೂ ಅದಕ್ಕೂ ನಡುವೆ ಇಡೀ ದ್ರಾವಿಡ ಪ್ರದೇಶವೂ ಕಡಲೂ ಇವೆ. ಒಂಟಿಯಾಗಿ ಬೆಳೆದ ಅದು ಮಹಾಪ್ರಾಣ ಧ್ವನಿಗಳನ್ನೇ ಕಳೆದುಕೊಂಡಿತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ವಿಶೇಷವಾಗಿ ಗಮನಾರ್ಹ. ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರಲ್ಲಿ ‘ಕವಿರಾಜಮಾರ್ಗ’ ರಚಿತವಾಯಿತು. ಅದೇ ಗ್ರಂಥವನ್ನು ಆಧರಿಸಿ 9–10ನೆಯ ಶತಮಾನಗಳ ಸುಮಾರಿಗೆ ಸಿಂಹಳದಲ್ಲಿ ‘ಸಿಯಬಸ್‌ಲಕರ’ ಹುಟ್ಟಿತು. ‘ಸ್ವಭಾಷಾಲಂಕಾರ’ ಎಂಬುದೇ ಆ ಹೆಸರಿನ ಅರ್ಥ. ಒಂದೇ ಶಾಸ್ತ್ರಗ್ರಂಥ ಎರಡು ದೇಶಭಾಷೆಗಳಿಗೆ ಆತ್ಮವಿಶ್ವಾಸವನ್ನು ತಂದುಕೊಟ್ಟಿತು.

ಇನ್ನು ದೂರದ ಫಲ. ಬಾಯಿಪಾಠವಾಗಿ ಬಂದ ಪಾಳಿ ತ್ರಿಪಿಟಕವು ಗ್ರಂಥರೂಪ ತಾಳಿದ್ದು ಕ್ರಿ.ಪೂ. 1ನೆಯ ಶತಮಾನದಲ್ಲಿ, ಸಿಂಹಳದ ದೊರೆ ವಟ್ಟಗಾಮಣಿ ಅಭಯನ ಆಳ್ವಿಕೆಯಲ್ಲಿ. ಆ ಕಾರ್ಯ ಅಲುವಿಹಾರದಲ್ಲಿ ನಡೆಯಿತೆಂಬುದು ಪರಂಪರೆ. ಕ್ರಿ.ಶ. 5ನೆಯ ಶತಮಾನದಲ್ಲಿ ಬುದ್ಧಘೋಷನು ಭಾರತದಿಂದ ಅನುರಾಧಪುರಕ್ಕೆ ಹೋಗಿ, ಸಿಂಹಳ ಭಾಷೆಯಲ್ಲಿದ್ದ ಅಟ್ಟಕಥೆಗಳ ಆಧಾರದಿಂದ ಪಾಳಿಯಲ್ಲಿ ವ್ಯಾಖ್ಯಾನಗಳನ್ನು ಬರೆದನು. ಅದೇ ಶತಮಾನದ ಆರಂಭದಲ್ಲಿ ಚೀನಾದ ಫಾಹಿಯಾನನು ಅಲ್ಲಿ ಎರಡು ವರ್ಷ ತಂಗಿ, ತನ್ನ ನಾಡಿನಲ್ಲಿ ಇಲ್ಲದ ಗ್ರಂಥಗಳನ್ನು ಸಂಪಾದಿಸಿದನು. ಹುಟ್ಟಿದ ನೆಲದಲ್ಲಿ ವಿಹಾರಗಳು ಪಾಳುಬಿದ್ದ ಮೇಲೂ ನೆರೆಯ ದ್ವೀಪವು ಆ ವಾಙ್ಮಯವನ್ನು ಕಾಪಾಡಿತು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಕಡಲಿನ ಕೃಪೆಯೆಂದು ತೋರುತ್ತದೆ. ಆದರೆ ‘ಮಹಾವಂಸ’ದಲ್ಲಿ ಇನ್ನೊಂದು ವೃತ್ತಾಂತವಿದೆ. ಅಶೋಕನಿಗಿಂತಲೂ ಹಿಂದಿನವನಾದ ಪಂಡುಕಾಭಯನು ಅನುರಾಧಪುರದಲ್ಲಿ ಜೋತಿಯ ಮೊದಲಾದ ನಿಗ್ರಂಥರಿಗೆ ವಸತಿಗಳನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಈ ಕಥನದಂತೆ ಬೌದ್ಧ ಭಿಕ್ಷುಗಳಿಗಿಂತ ಮೊದಲೇ ಜೈನರು ಕಡಲು ದಾಟಿದ್ದರು. ಮುಂದೆ ವಟ್ಟಗಾಮಣಿಯು ಯುದ್ಧದಲ್ಲಿ ಸೋತು ಓಡುವಾಗ ಗಿರಿಯೆಂಬ ನಿಗ್ರಂಥನು ಹಂಗಿಸಿದನಂತೆ. ರಾಜ್ಯವನ್ನು ಮರಳಿ ಪಡೆದ ದೊರೆ ಅವನ ಆಶ್ರಮವನ್ನು ಕೆಡವಿಸಿ ಅಲ್ಲಿಯೇ ಅಭಯಗಿರಿ ವಿಹಾರವನ್ನು ಕಟ್ಟಿಸಿದನು. ಇದನ್ನು ಬರೆದವರು ಬೌದ್ಧರು. ನಿಗ್ರಂಥರ ಪಕ್ಷದ ಮಾತು ನಮಗೆ ಕೇಳಿಸುವುದಿಲ್ಲ. ಆದರೂ ಒಂದು ಧರ್ಮದ ಆಗಮ ಬರೆಹಕ್ಕಿಳಿದುದೂ ಇನ್ನೊಂದು ಧರ್ಮದ ನೆಲೆ ನೆಲಸಮವಾದುದೂ ಒಬ್ಬನೇ ಅರಸನ ಕಾಲದಲ್ಲಿ ಎಂಬುದು ಚಿಂತನೀಯ.

ಪೆಟ್ಟು ಬೌದ್ಧಸಂಘಕ್ಕೂ ಬಿದ್ದಿದೆ. ಭಾರತದ ಕಡೆಗೆ ತೆರೆದುಕೊಂಡ ಉತ್ತರದ ಬಯಲಿನಲ್ಲಿ, ಕೆರೆಗಳ ನೀರನ್ನೇ ನಂಬಿ ಬೆಳೆದ ಅನುರಾಧಪುರಕ್ಕೆ ಭಿಕ್ಷುಗಳು ಬಂದ ದಿಕ್ಕಿನಿಂದಲೇ ಸೈನ್ಯಗಳೂ ಬಂದವು. 10ನೆಯ ಶತಮಾನದ ಕೊನೆಗೆ ಚೋಳರು ಅದನ್ನು ಗೆದ್ದರು. 1070ರಲ್ಲಿ ಅವರನ್ನು ಹೊರಗಟ್ಟಿದ ವಿಜಯಬಾಹುವಿಗೆ ಉಪಸಂಪದೆ ನೀಡಲು ಬೇಕಾದಷ್ಟು ಭಿಕ್ಷುಗಳೇ ದೊರೆಯಲಿಲ್ಲ. ಅವನು ಬರ್ಮಾದಿಂದ ಭಿಕ್ಷುಗಳನ್ನು ಕರೆಸಿದನು. 1753ರಲ್ಲಿ ಮತ್ತೊಮ್ಮೆ ಸಯಾಮಿನಿಂದ ಉಪಸಂಪದೆ ಬಂತು. ಕಡಿದ ಎಳೆಯನ್ನು ಕಡಲೇ ಮತ್ತೆ ಜೋಡಿಸಿತು.

ಜೈನರ ಎಳೆ ಹಾಗೆ ಕೂಡಿಕೊಳ್ಳಲಿಲ್ಲ, ಏಕೆ? ರಾಜಾಶ್ರಯದ ನಾಶವು ಒಂದು ಕಾರಣ. ಮುನಿಧರ್ಮದ ಪಾದವಿಹಾರವು ಇನ್ನೊಂದು ಕಾರಣವಾಗಿರಬಹುದೆಂದು ನನ್ನ ಊಹೆ. ಹೊಳೆ ದಾಟಲು ದೋಣಿಯನ್ನೇರುವುದಕ್ಕೂ ಆಚಾರಾಂಗವು ಬಿಗಿಯಾದ ನಿಯಮಗಳನ್ನು ವಿಧಿಸಿದೆ. ಕಡಲು ಅವರಿಗೆ ಗೋಡೆಯಾಗಿರಲಿಲ್ಲ. ಆದರೆ ತಲೆಮಾರಿನಿಂದ ತಲೆಮಾರಿಗೆ ತುಳಿಯಬಹುದಾದ ದಾರಿಯೂ ಆಗಲಿಲ್ಲ. ಜಲಸಂಧಿಯ ಈಚೆ, ಮದುರೆಯ ಸುತ್ತಲಿನ ಬೆಟ್ಟಗಳಲ್ಲಿ 9–10ನೆಯ ಶತಮಾನಗಳ ತೀರ್ಥಂಕರ ಶಿಲ್ಪಗಳಿವೆ. ಸಮಣರಮಲೆಯ ಮೇಲೆ ಬೆಳ್ಗೊಳದ ಯತಿಗಳನ್ನು ಹೆಸರಿಸುವ ಕನ್ನಡ ಶಾಸನವೂ ಇದೆ. ನಡೆದು ಹೋಗಬಹುದಾದಲ್ಲಿ ಪರಂಪರೆ ಮತ್ತೆ ಮತ್ತೆ ಚಿಗುರಿತು.

ಆದ್ದರಿಂದ ಭೂಗೋಳವು ಸಂಸ್ಕೃತಿಯನ್ನು ರೂಪಿಸುತ್ತದೆ ಎನ್ನುವಾಗ ಒಂದು ಮಾತನ್ನು ಸೇರಿಸಿ ಹೇಳಬೇಕು. ನೆಲ ಮತ್ತು ನೀರು ಅವಕಾಶವನ್ನು ನೀಡುತ್ತವೆ. ಅದನ್ನು ಬಳಸುವುದು ದಾಟುವವರ ಆಚಾರ, ಆಶ್ರಯ ಮತ್ತು ಆಯ್ಕೆಗಳಿಗೆ ಸೇರಿದ್ದು. ಒಬ್ಬರಿಗೆ ಭಂಡಾರವಾದ ದ್ವೀಪವೇ ಇನ್ನೊಬ್ಬರ ಪಾಲಿಗೆ ಪ್ರತಿಪಕ್ಷದ ಗ್ರಂಥದಲ್ಲಿ ಉಳಿದ ಕೆಲವು ಹೆಸರುಗಳಷ್ಟೇ ಆಯಿತು. ಆ ಹೆಸರುಗಳನ್ನು ಓದಿ, ಅವುಗಳ ಹಿಂದಿನ ಜೀವನವನ್ನು ಅರಸುವುದು ಸಂಶೋಧಕರ ಹೊಣೆ.